ಬೆಳಗಿನ ಚಹಾಕ್ಕೆ ಒಂದು ಕನಸು

ನಮ್ಮ ಓಣಿಯಲ್ಲಿ ಬೆಳಿಗ್ಗೆ ಎದುರಾದವರು ಮೊದಲು ಕೇಳುವ ಮಾತು, "ರಾತ್ರಿ ಏನು ಕಂಡೆ?" ಯಾರ ಮೊಣಕಾಲು ನೋವು, ಯಾರ ಮಗಳ ಪರೀಕ್ಷೆ, ಟೊಮೆಟೊ ಬೆಲೆ ಎಲ್ಲ ಆಮೇಲೆ. ಕನಸಿನಲ್ಲಿ ಗಂಡಸು ಬಂದರೆ ಆರು, ಹೆಂಗಸು ಬಂದರೆ ಐದು. ಮೀನಿಗೊಂದು ಅಂಕೆ, ಸೇತುವೆಗೊಂದು, ಸತ್ತವರಿಗೊಂದು. ಎರಡು ಅಂಕೆ ಜೋಡಿಸಿ ಬಾಣದ ಜೂಜಿನ ಕೌಂಟರಿನಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಕಟ್ಟುತ್ತಾರೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೈದಾನದಲ್ಲಿ ಬಿಲ್ಲುಗಾರರು ಸಾಲಾಗಿ ಕೂತು ಬಾಣ ಬಿಡುತ್ತಾರೆ. ಗುರಿಗೆ ನಾಟಿದ ಬಾಣಗಳನ್ನು ಎಣಿಸಿ, ಆ ಎಣಿಕೆಯ ಕೊನೆಯ ಎರಡು ಅಂಕೆ ಹೇಳಿದರೆ ಮುಗಿಯಿತು. ಶಿಲ್ಲಾಂಗ್ ಪೂರ್ತಿ ಒಂದು ಸಲ ಉಸಿರು ಬಿಡುತ್ತದೆ.

ಇಂಥ ಊರಿನಲ್ಲಿ ನನ್ನ ಹೆಂಡತಿ ರಿಸಾಲಿನ್ ಹನ್ನೊಂದು ವರ್ಷ ಒಂದೂ ಕನಸು ಕಾಣಲಿಲ್ಲ.

ನಮ್ಮ ಎರಡನೆಯ ಮಗು, ಗಂಡು, ಹೊಟ್ಟೆಯೊಳಗೇ ತೀರಿಕೊಂಡಿತ್ತು. ಅವನಿಗೆಂದು ಅವಳು ಹೆಣೆಯುತ್ತಿದ್ದ ಕಾಲುಚೀಲಗಳಲ್ಲಿ ಒಂದು ಮುಗಿದಿತ್ತು, ಇನ್ನೊಂದು ಸೂಜಿಯ ಮೇಲೇ ಉಳಿಯಿತು. ಮೂರು ತಿಂಗಳು ಗೋಡೆ ನೋಡುತ್ತಾ ಕೂತಳು. ಆಸ್ಪತ್ರೆಯಲ್ಲಿ ಒಂದು ಬಿಳಿ ಮಾತ್ರೆ ಕೊಟ್ಟರು, ದಿನಾ ಊಟದ ಮೇಲೆ. ಎದ್ದಳು, ತಲೆ ಬಾಚಿಕೊಂಡಳು, ಮನೆಯ ಕೆಳಗಿನ ಅಂಗಡಿಯ ಬಾಗಿಲು ತೆಗೆದಳು. ಅವತ್ತಿನಿಂದ ಚಹಾ, ಜಾದೊಹ್, ಅದರ ಜೊತೆಗೆ ಒಣಮೀನಿನ ಚಟ್ನಿ. ಅವಳ ಕೈಯ ಜಾದೊಹ್, ಅಂದರೆ ಹಂದಿಮಾಂಸ ಹಾಕಿ ಮಾಡುವ ಅನ್ನ, ಹತ್ತು ಗಂಟೆಗೆಲ್ಲ ಖಾಲಿ. ಆ ಮಾತ್ರೆ ನಮ್ಮ ಮನೆ ಉಳಿಸಿತು. ಅದನ್ನು ನಾನು ಮರೆತಿಲ್ಲ.

ಮನೆ ಅವಳದು. ನಮ್ಮ ಜನದಲ್ಲಿ ಮನೆ ಕಿರಿಯ ಮಗಳಿಗೆ ಹೋಗುತ್ತದೆ, ಗಂಡ ಬಂದು ಸೇರಿಕೊಳ್ಳುವವನು. ಹದಿನೆಂಟು ವರ್ಷದ ಹಿಂದೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಈ ಮೆಟ್ಟಿಲು ಹತ್ತಿದೆ. ಬಾಡಿಗೆ ಕಾರು ಓಡಿಸುತ್ತೇನೆ, ನಾಲ್ಕು ಜನ ಕೂರುವ ಕಡೆ ಐದು ಜನ. ಮನೆಯ ಮಾತು ನಡೆಯುವುದು ನನ್ನ ಅತ್ತೆಯದು. ಮಗಳು ಡಾಫಿ ತಾಯಿಯನ್ನು ಮೇಯ್ ಅಂತಾಳೆ, ಅಜ್ಜಿಯನ್ನು ಮೇಯ್‌ರಾದ್ ಅಂತಾಳೆ; ಅತ್ತೆಯನ್ನು ನಾನೂ ಹಾಗೇ ಕರೆಯುತ್ತೇನೆ. ಮೇಯ್‌ರಾದ್ ಮಾತಿಗಿಂತ ದೊಡ್ಡದು ಆಕೆಯ ತಮ್ಮ ಕಿಟ್ ಮಾಮನ ಮಾತು. ಮಾಮ ಇರುವುದು ತನ್ನ ಹೆಂಡತಿಯ ಮನೆಯಲ್ಲಿ, ಆದರೆ ಬೆಳಗಿನ ಚಹಾಕ್ಕೆ ಅಕ್ಕನ ಮನೆಗೇ ಬರಬೇಕು. ಬಾಯಲ್ಲಿ ಎಲೆಯಡಿಕೆ, ಕಂಕುಳಲ್ಲಿ ಕಳೆದ ಹತ್ತು ವರ್ಷದ ಬಾಣದ ಸಂಖ್ಯೆಗಳನ್ನು ಬರೆದಿಟ್ಟ ನೋಟುಬುಕ್ಕು.

ಅಕ್ಟೋಬರಿನಲ್ಲಿ ರಿಸಾಳ ದೊಡ್ಡಮ್ಮ ತೀರಿಕೊಂಡಳು. ರಿಸಾಳನ್ನು ಎತ್ತಿ ಆಡಿಸಿದವಳು, ನಮ್ಮ ಹೆಂಗಸರು ಉಡುವ ಜೈನ್ಸೆಮ್ ಅನ್ನು ಮೊದಲ ಬಾರಿ ಉಡಿಸಿದವಳು. ಶವದ ಪಕ್ಕದಲ್ಲಿ ಎಲ್ಲರೂ ಅತ್ತರು. ರಿಸಾ ಚಹಾದ ತಟ್ಟೆ ಹಿಡಿದು ಓಡಾಡಿದಳು. ಯಾರೋ ಹೆಂಗಸು ಅವಳಿಗೆ ಕೇಳಿಸುವ ಹಾಗೇ ಅಂದಳು, "ಇವಳಿಗೆ ಕಣ್ಣೀರಿಗೂ ಬೀಗ ಬಿದ್ದಿದೆ."

ವಾರ ಕಳೆದ ಮೇಲೆ, ನಾನು ಗಾಡಿಗೆ ನೀರು ಹಾಕುತ್ತಿದ್ದಾಗ ಬಂದು ಹೇಳಿದಳು.

"ಡಾಫಿ ಅಪ್ಪ, ನಾನು ಮಾತ್ರೆ ಬಿಟ್ಟೆ."

"ಯಾವಾಗ?"

"ಮಣ್ಣು ಮಾಡಿ ಬಂದ ದಿನಾನೇ."

"ಡಾಕ್ಟರನ್ನ ಕೇಳಿದ್ಯಾ?"

"ಶುರು ಮಾಡುವಾಗ ನನಗೆ ಎದ್ದು ನಿಲ್ಲೋಕೆ ಆಗ್ತಿರಲಿಲ್ಲ, ಕೇಳಿದ್ವಿ. ಬಿಡೋಕೂ ಕೇಳ್ಬೇಕಾ? ದೊಡ್ಡಮ್ಮ ಸತ್ಳು ಕಣೋ. ನನಗೆ ಏನೂ ಆಗಲಿಲ್ಲ. ಕೈಗೆ ಚೀಲ ಹಾಕ್ಕೊಂಡು ಮಗೂನ ಮುಟ್ಟಿದ ಹಾಗೆ."

ನಾನು ಬಕೆಟ್ಟು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ.

ಆ ವಾರ ಅವಳ ಕೈಗೆ ಒಂದೂ ಕೆಲಸ ಹತ್ತಲಿಲ್ಲ. ಹಂದಿಯ ಕೊಬ್ಬು ಬಾಣಲೆಗೆ ಬಿದ್ದ ತಕ್ಷಣ ಓಕರಿಕೆ ಬಂದು ಹಿತ್ತಲಿಗೆ ಓಡುತ್ತಿದ್ದಳು. ಕಣ್ಣು ಆ ಕಡೆ ಈ ಕಡೆ ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಜುಂ ಅನ್ನುತ್ತದೆ ಅಂದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಸಿಂಕಿನಲ್ಲಿ ಕೂದಲು ಬಿಟ್ಟಳೆಂದು ಡಾಫಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಐದು ನಿಮಿಷದಲ್ಲಿ ಅದೇ ಕೂದಲು ಹಿಡಿದುಕೊಂಡು ಅತ್ತಳು.

"ಮೇಯ್ ಅಳ್ತಿದಾಳೆ," ಡಾಫಿ ಓಡಿಬಂದಳು. ಹದಿನಾರು ವರ್ಷಕ್ಕೆ ಅವಳು ತಾಯಿ ಅಳುವುದನ್ನು ನೋಡಿದ್ದೇ ಇಲ್ಲ. "ಪಾ, ಏನ್ ಮಾಡ್ಲಿ?"

"ಶುಂಠಿ ಕುದಿಸಿ ಕೊಡು," ಒಳಗಿಂದ ಮೇಯ್‌ರಾದ್. "ಚಳಿಗಾಲ ಬಂತು. ಎಲ್ಲರಿಗೂ ಹೀಗೇ."

ಮಾತ್ರೆ ಬಿಟ್ಟ ಒಂಬತ್ತನೆಯದೋ ಹತ್ತನೆಯದೋ ದಿನದ ಬೆಳಿಗ್ಗೆ ರಿಸಾ ಒಲೆಯ ಮುಂದೆ ಕೂತು ಸುಮ್ಮನೆ ಕೆಂಡ ನೋಡುತ್ತಿದ್ದಳು. ಮಾಮ ಅಭ್ಯಾಸದಂತೆ ಮೇಯ್‌ರಾದ್‌ಳನ್ನು ಕೇಳಿದ, "ಏನು ಕಂಡೆ ಅಕ್ಕ?"

"ನನಗೆ ನಿದ್ದೆ ಬಂದ್ರೆ ತಾನೆ!"

"ನಾನು ಕಂಡೆ," ರಿಸಾ ಅಂದಳು.

ಎಲ್ಲರೂ ತಿರುಗಿದೆವು. ಮಾಮನ ಲೋಟ ಬಾಯಿಗೂ ಮೊಣಕಾಲಿಗೂ ನಡುವೆ ನಿಂತಿತು.

"ದೊಡ್ಡ ಮಾರುಕಟ್ಟೆ ಪೂರ್ತಿ ನೀರೊಳಗಿತ್ತು. ಹಸಿರು ನೀರು. ಹೆಂಗಸರೆಲ್ಲ ನೀರೊಳಗೇ ಕೂತು ವ್ಯಾಪಾರ ಮಾಡ್ತಾ ಇದ್ರು. ಮಾತಾಡಿದ್ರೆ ಬಾಯಿಂದ ಗುಳ್ಳೆ ಬರ್ತಿತ್ತು, ಆ ಗುಳ್ಳೆ ನೋಡಿ ಬೆಲೆ ತಿಳ್ಕೋಬೇಕು. ಒಬ್ಬಳು ನನ್ನ ಮುಂದೆ ಏಳು ಕಿತ್ತಳೆ ಇಟ್ಟಳು. ತೇಲಿಹೋಗದ ಹಾಗೆ ಒಂದೊಂದಕ್ಕೂ ದಾರ ಕಟ್ಟಿದ್ಳು."

ಮಾಮ ನೋಟುಬುಕ್ಕು ತೆಗೆದ. "ಹೆಂಗಸು ಐದು. ಕಿತ್ತಳೆ ಏಳು. ಐವತ್ತೇಳು."

ಅವತ್ತು ಐವತ್ತೇಳೇ ಬಿತ್ತು.

ಸಂಜೆ ಮಾಮ ಎರಡು ಕಿಲೋ ಹಂದಿಮಾಂಸ ಹಿಡಿದುಕೊಂಡು ಬಂದ. ಬಾಗಿಲಲ್ಲಿ ನಿಂತೇ ರಿಸಾಳ ತಲೆ ಮೇಲೆ ಕೈಯಿಟ್ಟ. "ಹನ್ನೊಂದು ವರ್ಷದ್ದು ಕೂಡಿಟ್ಟಿದೀಯಲ್ಲೇ ಇದರೊಳಗೆ!"

ಆಮೇಲಿನ ದಿನಗಳು ನೆನೆದರೆ ನನಗೇ ಕನಸಿನ ಹಾಗೆ ಅನ್ನಿಸುತ್ತದೆ. ನವೆಂಬರು, ರಸ್ತೆಗಳಲ್ಲಿ ಚೆರ್ರಿ ಮರಗಳು ಎಲೆಯೇ ಇಲ್ಲದೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಆರು ಗಂಟೆಗೆ ಮಂಜಿನೊಳಗಿಂದ ಒಬ್ಬೊಬ್ಬರೇ ಹೊರಬಂದು ನಮ್ಮ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದರು. "ಒಂದು ಚಹಾ ಕಾಂಗ್ ರಿಸಾ." ಕಾಂಗ್ ಅಂದರೆ ಅಕ್ಕ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಅನ್ನತೊಡಗಿದರು. ಚಹಾ ಕುಡಿದು, ಎಲೆಯಡಿಕೆ ಹಾಕಿಕೊಂಡು, ಕಾಯುತ್ತಿದ್ದರು. ಅವಳು ಸೌಟು ಆಡಿಸುತ್ತಾ ಹೇಳುತ್ತಿದ್ದಳು: ಕುದುರೆಯೊಂದು ಚರ್ಚಿನ ಗಂಟೆ ನುಂಗಿತ್ತು, ಕೆಮ್ಮಿದಾಗಲೆಲ್ಲ ಗಂಟೆ ಹೊಡೆಯುತ್ತಿತ್ತು. ದೊಡ್ಡಮ್ಮ ಅಕ್ಕಿ ಆರಿಸುತ್ತಾ ಕಲ್ಲನ್ನೆಲ್ಲ ಇಟ್ಟುಕೊಂಡು ಅಕ್ಕಿ ಎಸೆಯುತ್ತಿದ್ದಳು. ಹೇಳುವಾಗ ಅವಳ ಮುಖಕ್ಕೆ ಬಣ್ಣ ಬರುತ್ತಿತ್ತು. ನಾನು ಮದುವೆಯಾದ ಹುಡುಗಿ ಹಾಗಿದ್ದಳು.

ಹತ್ತರಲ್ಲಿ ಮೂರು ಬಿದ್ದವು. ಬೀಳದ ಏಳನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

"ನಮ್ಮ ಮನೆಗೆ ದೇವರು ಮತ್ತೆ ಕಣ್ಣು ಬಿಟ್ಟ," ಮೇಯ್‌ರಾದ್ ಬೆಂಚು ಒರೆಸುತ್ತಾ ಎಲ್ಲರಿಗೂ ಹೇಳುತ್ತಿದ್ದಳು.

"ದೇವರಲ್ಲ, ಮಾತ್ರೆ ಬಿಟ್ಟಿದ್ದು," ಡಾಫಿ.

"ನೀನು ಸುಮ್ಮನೆ ಓದ್ಕೋ ಹೋಗು."

ಆದರೆ ಅಂಗಡಿ ಮುಚ್ಚಿದ ಮೇಲೆ ಅವಳನ್ನು ನೋಡುತ್ತಿದ್ದವನು ನಾನು. ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ನವೆಂಬರಿನ ಚಳಿಯಲ್ಲಿ ಬೆನ್ನು ಬೆವರಿನಿಂದ ಒದ್ದೆ. ಅನ್ನ ಎರಡು ತುತ್ತು. ಒಂದು ದಿನ ತಲೆನೋವಿನ ಮುಲಾಮು ತರಲು ಹೋದಾಗ ಔಷಧಿ ಅಂಗಡಿಯ ಮುದುಕ ಕೇಳಿದ, "ನಿಮ್ಮ ಮನೆಯವರು ಈ ತಿಂಗಳ ಮಾತ್ರೆಗೆ ಬರಲೇ ಇಲ್ಲವಲ್ಲ?"

"ಬಿಟ್ಟುಬಿಟ್ಳು."

"ಒಂದೇ ಸಲಕ್ಕಾ?" ಅವನು ಕನ್ನಡಕ ತೆಗೆದ. "ಹನ್ನೊಂದು ವರ್ಷದ್ದನ್ನ? ವಾನ್ ಅವರೇ, ನೀವು ಇಳಿಜಾರಿನಲ್ಲಿ ಗಾಡಿ ಬಿಡೋವಾಗ ಹಾಗೆ ಬ್ರೇಕ್ ಹಾಕ್ತೀರಾ? ಬಿಡೋದಾದ್ರೆ ಬಿಡಬಹುದು, ಸ್ವಲ್ಪ ಸ್ವಲ್ಪವಾಗಿ ಇಳಿಸ್ಬೇಕು. ನಾಳೆನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

ದಾರಿಯುದ್ದಕ್ಕೂ ಮನೆಯಲ್ಲಿ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡು ಬಂದೆ. ಮೆಟ್ಟಿಲು ಹತ್ತುವಾಗಲೇ ನಗು ಕೇಳಿಸಿತು. ಅವತ್ತು ಇಪ್ಪತ್ತೇಳು ಬಿದ್ದಿತ್ತು. ಮಾಮ ಮೇಯ್‌ರಾದ್‌ಗೆ ಹೊಸ ಶಾಲು ಹೊದಿಸುತ್ತಿದ್ದ. ಕಪ್ಪು ಎಳ್ಳು ಅರೆದು ಹಾಕಿದ ಮಾಂಸದ ಸಾರು ಕುದಿಯುತ್ತಿತ್ತು. "ಬಾರಪ್ಪ ವಾನ್, ನಿನ್ನ ಹೆಂಡ್ತಿ ಕಾಲು ತೊಳೆದು ನೀರು ಕುಡಿ!" ಅಂದ ಮಾಮ. ರಿಸಾ ನಗುತ್ತಿದ್ದಳು, ಒಂದು ಕೈ ಕಂಬ ಹಿಡಿದಿತ್ತು.

ನಾನು ಮುಲಾಮು ಕಪಾಟಿನಲ್ಲಿಟ್ಟು ಊಟಕ್ಕೆ ಕೂತೆ. ಜೋಡಿಸಿಕೊಂಡು ಬಂದ ಮಾತು ಸಾರಿನ ಜೊತೆ ಒಳಗೆ ಹೋಯಿತು.

ಭಾನುವಾರ ಬಾಣವಿಲ್ಲ, ಹಾಗಾಗಿ ಭಾನುವಾರದ ಕನಸನ್ನು ಯಾರೂ ಕೇಳುವುದಿಲ್ಲ. ಚರ್ಚು ಮುಗಿಸಿ ಬಂದು ಗಾಡಿಯನ್ನು ಚೆರ್ರಿ ಮರದ ಕೆಳಗೆ ನಿಲ್ಲಿಸಿದ್ದೆ. ರಿಸಾ ಮುಂದಿನ ಸೀಟಿನಲ್ಲಿ ಕೂತಿದ್ದಳು. ಗಾಜಿನ ಮೇಲೆ ಹೂವಿನ ಎಸಳು ಒಂದೊಂದಾಗಿ ಬೀಳುತ್ತಿತ್ತು. ತಲೆ ತಿರುಗುತ್ತದೆ ಎಂದು ಅವಳು ಒಂದೇ ಎಸಳನ್ನು ನೋಡುತ್ತಾ ಮಾತಾಡಿದಳು.

"ಅವನು ಬರ್ತಾನೆ."

ಯಾರು ಎಂದು ನಾನು ಕೇಳಲಿಲ್ಲ.

"ಹನ್ನೊಂದು ವರ್ಷದವನಾಗಿದಾನೆ. ಅಂಗಡಿ ಹೊಸ್ತಿಲಲ್ಲಿ ನಿಲ್ತಾನೆ. ಒಂದು ಕಾಲಿಗೆ ಚೀಲ ಇದೆ, ಇನ್ನೊಂದು ಬರಿಗಾಲು. 'ಮೇಯ್, ಚಹಾ ಇದೆಯಾ?' ಅಂತಾನೆ. ಹಾಕಿಕೊಡ್ತೀನಿ. ಬೆಂಚಿನ ಮೇಲೆ ಕೂತು ಕಾಲಾಡಿಸ್ಕೊಂಡು ಕುಡೀತಾನೆ, ಹೋಗ್ತಾನೆ. ಮೂರು ಸಲ ಬಂದಿದಾನೆ."

"ಮುಖ?"

"ನಿನ್ನ ಕಿವಿ. ಮುಖ ನೋಡೋಕೆ ಹೋದ್ರೆ ಎಚ್ಚರ ಆಗುತ್ತೆ." ಎಸಳು ಜಾರಿತು, ಇನ್ನೊಂದಕ್ಕೆ ಕಣ್ಣು ನೆಟ್ಟಳು. "ಔಷಧಿ ಅಂಗಡಿಯವನು ಹೇಳಿದ್ದು ನನಗೂ ಗೊತ್ತು. ನಿನ್ನ ಹತ್ರ ಹೇಳಿದ ಹಾಗೇ ಡಾಫಿ ಹತ್ರಾನೂ ಹೇಳಿದಾನೆ. ಮಾತ್ರೆ ಮತ್ತೆ ತಗೊಂಡ್ರೆ ಇವನು ಬರಲ್ಲ ಕಣೋ. ಅದಕ್ಕೇ ನಾನು ಹೋಗ್ತಿಲ್ಲ. ಯಾರಿಗೂ ಹೇಳ್ಬೇಡ. ಇದನ್ನ ಅಂಕೆ ಮಾಡ್ಬೇಡ."

"ಛೆ," ಅಂದೆ. "ನಾನ್ಯಾಕೆ ಮಾಡ್ಲಿ."

ಬುಧವಾರ ಗಾಡಿಯ ಕ್ಲಚ್ಚು ಹೋಯಿತು. ಐದು ಜನರನ್ನು ನಡುರಸ್ತೆಯಲ್ಲಿ ಇಳಿಸಿ, ಅವರ ಕೈಲಿ ಬೈಸಿಕೊಂಡು, ಗಾಡಿ ತಳ್ಳಿಸಿ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದೆ. ಮೆಕ್ಯಾನಿಕ್ಕಿನ ಪಕ್ಕದಲ್ಲೇ ಕೌಂಟರು. ಹುಡುಗನಿಗೆ ಆರು. ಬರಿಗಾಲು ಒಂದು. ನಾನು ಲೆಕ್ಕ ಹಾಕಲಿಲ್ಲ, ಸತ್ಯವಾಗಿ. ನಮ್ಮೂರಿನಲ್ಲಿ ಹುಟ್ಟಿದವನ ತಲೆ ತಾನೇ ಹಾಕಿಬಿಡುತ್ತದೆ. ಜೇಬಿನಲ್ಲಿ ಐವತ್ತು ರೂಪಾಯಿ ಇತ್ತು. ಕೌಂಟರಿನ ಕಿಂಡಿಯಿಂದ ಕೈ ಹೊರಗೆ ಬಂದಾಗ ಅದರಲ್ಲಿ ಚೀಟಿ ಇತ್ತು.

ಅರವತ್ತೊಂದೇ ಬಿತ್ತು. ರೂಪಾಯಿಗೆ ಎಂಬತ್ತು.

ಕ್ಲಚ್ಚು ಹಾಕಿಸಿದೆ. ಉಳಿದದ್ದರಲ್ಲಿ ಡಾಫಿಗೆ ಒಂದು ಬಿಸಿನೀರಿನ ಚೀಲ, ಕಿತ್ತಳೆ, ಒಂದು ದೊಡ್ಡ ಮೀನು. ಎಲ್ಲರೂ ಒಲೆಯ ಸುತ್ತ ಊಟಕ್ಕೆ ಕೂತಿದ್ದಾಗ ಕಿಟ್ ಮಾಮ ಬಂದ. ನಿಂತಲ್ಲೇ ಶುರು ಮಾಡಿದ.

"ನೋಡಿದ್ಯಾ ಅಕ್ಕ, ಎಂಥ ಅಳಿಯ! ಇವತ್ತು ಅರವತ್ತೊಂದು ಬಿದ್ದಿದೆ, ನಾವೆಲ್ಲ ಮೂವತ್ತಾರು ಕಟ್ಟಿ ಬಾಯಿಗೆ ಮಣ್ಣು ಹಾಕ್ಕೊಂಡ್ವಿ. ಕೌಂಟರಿನವನು ಹೇಳ್ದ, 'ನಿಮ್ಮ ವಾನ್ ಒಬ್ಬನೇ ಐವತ್ತು ಕಟ್ಟಿದ್ದ' ಅಂತ. ಯಾವ ಕನಸಪ್ಪ ಅದು? ಹೆಂಡ್ತಿ ನಿನಗೆ ಮಾತ್ರ ಬೇರೆ ಪಾತ್ರೇಲಿ ಬಡಿಸ್ತಾಳಾ?"

ಮೇಯ್‌ರಾದ್ ನಕ್ಕಳು. ರಿಸಾ ನಗಲಿಲ್ಲ. ಕೈಯಲ್ಲಿ ಮೀನಿನ ಸೌಟಿತ್ತು.

"ಹುಡುಗ ಆರು," ಮೆಲ್ಲಗೆ ಅಂದಳು. "ಬರಿಗಾಲು ಒಂದು."

"ಯಾವ ಹುಡುಗ?" ಅಂದ ಮಾಮ.

ಮೇಯ್‌ರಾದ್‌ಗೆ ಅರ್ಥವಾಯಿತು. ಮಡಿಸುತ್ತಿದ್ದ ಎಲೆಯನ್ನು ತಟ್ಟೆಗೆ ಹಾಕಿಬಿಟ್ಟಳು.

"ರಿಸಾ, ಕ್ಲಚ್ಚು ಹೋಗಿತ್ತು..." ಅಂದೆ ನಾನು. ಅದಕ್ಕಿಂತ ಸುಮ್ಮನಿರಬಹುದಿತ್ತು.

"ಅವನು ಚಹಾ ಕೇಳೋಕೆ ಬರ್ತಿದ್ದ. ನೀನು ಅವನನ್ನ ಮಾರಿಬಿಟ್ಟೆ." ಸೌಟನ್ನು ಪಾತ್ರೆಯ ಮೇಲೆ ಅಡ್ಡಲಾಗಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಆ ಮೀನನ್ನು ಯಾರೂ ಮುಟ್ಟಲಿಲ್ಲ.

ಮುಂದಿನ ಮೂರು ದಿನ ಬೆಂಚಿನ ಮೇಲೆ ಜನ ಕೂತಿದ್ದರು, ರಿಸಾ ಏನೂ ಹೇಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕುದಿಯುವ ನೀರಿನ ಪಾತ್ರೆ ಇಳಿಸುವಾಗ ಯಾರೋ ಹಿಂದಿನಿಂದ "ಇವತ್ತಾದ್ರೂ ಹೇಳು ಕಾಂಗ್" ಅಂದರು. ಅವಳು ತಟ್ಟನೆ ತಿರುಗಿದಳು. ತಲೆಯೊಳಗಿನ ಕರೆಂಟು ಹೊಡೆದಿರಬೇಕು, ಮೊಣಕಾಲು ಮಡಿಚಿಕೊಂಡು ಕೂತುಬಿಟ್ಟಳು. ನೀರು ಮಣಿಕಟ್ಟಿನ ಮೇಲೆ ಚೆಲ್ಲಿತು.

ಡಾಫಿ ಸಮವಸ್ತ್ರದಲ್ಲೇ ಓಡಿಬಂದಳು. ತಾಯಿಯ ಕೈಯನ್ನು ತಣ್ಣೀರಿನಲ್ಲಿ ಅದ್ದಿ ಹಿಡಿದು ನಮ್ಮೆಲ್ಲರ ಕಡೆ ನೋಡಿದಳು.

"ಎಲ್ರೂ ಸೇರಿ ನಮ್ಮಮ್ಮನ ತಲೇನ ಕೌಂಟರ್ ಮಾಡ್ಕೊಂಡಿದೀರ! ಮಾಮ, ನೀವು ಏಳಿ. ನೀವೂ ಏಳಿ. ಪಾ, ಗಾಡಿ ತೆಗಿ, ಆಸ್ಪತ್ರೆಗೆ ಹೋಗೋಣ."

"ಕೈಗೆ ಮುಲಾಮು ಹಚ್ಚಿದ್ರೆ ಸಾಕು," ಅಂದ ಮಾಮ. "ಆಸ್ಪತ್ರೆಗೆ ಹೋದ್ರೆ ಮತ್ತೆ ಅದೇ ಮಾತ್ರೆ ಕೊಡ್ತಾರೆ. ಹನ್ನೊಂದು ವರ್ಷಕ್ಕೆ ಬಂದ ಭಾಗ್ಯ. ಮನೆಯ ಹಿರಿಯ ನಾನು ಹೇಳ್ತಿದೀನಿ..."

ನೆಲದ ಮೇಲಿಂದ ರಿಸಾ ತಲೆಯೆತ್ತಿದಳು. "ಮಾಮ, ಮನೆ ನನ್ನದು. ತಲೆನೂ ನನ್ನದೇ."

ಮಾಮ ನನ್ನ ಕಡೆ ನೋಡಿದ, ಗಂಡನಾದರೂ ಏನಾದರೂ ಹೇಳಲಿ ಎಂಬಂತೆ. ನಾನು ಗಾಡಿಯ ಬೀಗದ ಕೈ ತೆಗೆದುಕೊಂಡೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸುಟ್ಟ ಕೈ ನೋಡಿ, ಹಳೆಯ ಚೀಟಿಗಳನ್ನೆಲ್ಲ ಓದಿ, ರಿಸಾಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದರು. ಬಾಣದ ವಿಷಯ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟರು. "ನಮ್ಮಮ್ಮನೂ ಕಟ್ತಾರೆ," ಅಂದರು. ಆಮೇಲೆ ಹೇಳಿದರು: ಇದು ಹಳೆಯ ಕಾಯಿಲೆ ತಿರುಗಿ ಬಂದದ್ದು ಅಂತ ಹೆದರಬೇಡಿ. ಇಷ್ಟು ವರ್ಷ ಮಾತ್ರೆಗೆ ಒಗ್ಗಿಕೊಂಡ ಮೈಗೆ ಒಂದೇ ಸಲ ತಪ್ಪಿಸಿದ್ದಕ್ಕೆ ಅದು ಕೂಗಾಡುತ್ತಿದೆ. ಈಗ ಮತ್ತೆ ಶುರು ಮಾಡೋಣ, ಮೈ ಒಂದು ಹದಕ್ಕೆ ಬರಲಿ. ಆಮೇಲೆ ನಾನು ಹೇಳಿದಷ್ಟೇ, ಹೇಳಿದಾಗಲೇ, ಚೂರು ಚೂರು ಕಡಿಮೆ ಮಾಡೋಣ.

"ಎಷ್ಟು ದಿನ?" ಡಾಫಿ ಕೇಳಿದಳು.

"ವರ್ಷವೂ ಆಗಬಹುದು. ಅವಸರ ಏನಿದೆ?"

ರಿಸಾ ಕೇಳಿದ್ದು ಒಂದೇ. "ಕನಸು ನಿಂತುಹೋಗುತ್ತಾ?"

"ಗೊತ್ತಿಲ್ಲ," ಅಂದರು ಡಾಕ್ಟರು. "ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ. ಸುಳ್ಳು ಹೇಳಲ್ಲ ನಾನು."

ಅವಳು ಮಾತ್ರೆಯ ಹಾಳೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಳು.

ಕ್ರಿಸ್‌ಮಸ್ಸಿನ ಹೊತ್ತಿಗೆ ಓಕರಿಕೆ ನಿಂತಿತು, ಮೆಟ್ಟಿಲು ಇಳಿಯುವಾಗ ಗೋಡೆ ಬೇಕಾಗಲಿಲ್ಲ. ಬೆಂಚಿನ ಜನ ಬರುತ್ತಲೇ ಇದ್ದರು. "ಏನಾದ್ರೂ?" "ಏನೂ ಇಲ್ಲ." ನಿಜವಾಗಿ ಇರಲಿಲ್ಲವೋ, ಹೇಳುತ್ತಿರಲಿಲ್ಲವೋ, ನನಗೆ ತಿಳಿಯದು. ನನ್ನೊಂದಿಗೆ ಅವಳ ಮಾತು ಉಪ್ಪು, ಅಕ್ಕಿ, ಡಾಫಿಯ ಫೀಸು ಇಷ್ಟಕ್ಕೆ ನಿಂತಿತ್ತು.

ಒಂದು ಬೆಳಿಗ್ಗೆ ಮಾಮ ಬಿಡಲೇ ಇಲ್ಲ. "ನೆನಪು ಮಾಡ್ಕೋ ರಿಸಾ. ಒಂದು ಹಾವು? ಒಂದು ಸೇತುವೆ? ಕಣ್ಣು ಮುಚ್ಚಿ ಯೋಚಿಸು."

ಅವಳು ಅದೇ ಲೋಟಕ್ಕೆ ಎರಡನೆಯ ಸಲ ಸಕ್ಕರೆ ಹಾಕಿದಳು.

"ನಾನು ಕಂಡೆ ಮಾಮ," ಅಂದೆ.

"ನೀನಾ?"

"ಒಂದು ಹಂದಿ. ಎರಡು ಛತ್ರಿ ಹಿಡ್ಕೊಂಡಿತ್ತು."

"ಎರಡು ಯಾಕೆ?"

"ಒಂದು ಅದರ ಹೆಂಡ್ತಿಗೆ."

ಮಾಮ ಅನುಮಾನದಿಂದಲೇ ಬರೆದುಕೊಂಡ. ಅವತ್ತಿನಿಂದ ಅದು ನನ್ನ ಪಾಳಿಯಾಯಿತು. ನನಗೆ ಕನಸೇ ಬೀಳುವುದಿಲ್ಲ, ಹದಿನಾಲ್ಕು ಗಂಟೆ ಗಾಡಿ ಓಡಿಸಿದವನು ಮರದ ದಿಮ್ಮಿಯಂತೆ ಬೀಳುತ್ತಾನೆ. ಆದರೂ ಹಲ್ಲುಜ್ಜುವಾಗ ಒಂದು ಕನಸು ಹೊಸೆದುಕೊಂಡು ಅಂಗಡಿಗೆ ಇಳಿಯುತ್ತಿದ್ದೆ. ಪಾದ್ರಿಯೊಬ್ಬರು ಮೂಲಂಗಿ ನೆಟ್ಟರು, ಟೋಪಿ ಬೆಳೆಯಿತು. ಅತ್ತೆಯೂ ಮೊಸಳೆಯೂ ಒಂದೇ ಶಾಲಿಗೆ ಜಗಳವಾಡಿದರು. ಒಂದಕ್ಕೂ ಬಾಣ ಬೀಳಲಿಲ್ಲ.

"ನಿನ್ನದು ಕನಸಲ್ಲ ಮಾರಾಯ, ಅಜೀರ್ಣ," ಅಂದ ಮಾಮ.

"ಮೊಸಳೆಗೆ ಶಾಲು ಸಿಕ್ತಾ?" ಮೇಯ್‌ರಾದ್ ಕೇಳಿದಳು.

ಜನವರಿಯ ಒಂದು ದಿನ ನನ್ನ ಹಂದಿ ಗಾಡಿ ಓಡಿಸಿಕೊಂಡು ಬಂದು, ಪ್ರಯಾಣಿಕರ ಹತ್ತಿರ ಚಿಲ್ಲರೆ ಇಲ್ಲವೆಂದು ಜಗಳ ತೆಗೆಯಿತು. ಒಲೆಯ ಕಡೆಯಿಂದ ಒಂದು ಸದ್ದು ಬಂತು. ರಿಸಾ ಬೆನ್ನು ತಿರುಗಿಸಿ ನಿಂತಿದ್ದಳು. ಭುಜ ಕುಲುಕುತ್ತಿತ್ತು. ಅತ್ತಳೇನೋ ಎಂದುಕೊಂಡೆ. ನಗುತ್ತಿದ್ದಳು.

ಫೆಬ್ರವರಿ ಕೊನೆಗೆ ಡಾಕ್ಟರು ಮೊದಲ ಚೂರು ಇಳಿಸಿದರು. ಯಾವ ದಿನದಿಂದ ಎಂದು ಗೊತ್ತು ಮಾಡಿದವಳು ಮೇಯ್‌ರಾದ್. "ಶನಿವಾರ. ಭಾನುವಾರ ಅಂಗಡಿ ಇಲ್ಲ, ಮಲಗಿರ್ಲಿ. ಸೋಮವಾರದಿಂದ ಒಂದು ವಾರ ಮಾಂಸ ನಾನು ಹೆಚ್ತೀನಿ." ಡಾಫಿ ಚರ್ಚಿನ ಕ್ಯಾಲೆಂಡರಿನಲ್ಲಿ ಚುಕ್ಕೆ ಇಟ್ಟಳು. ತಲೆಯೊಳಗಿನ ಜುಂ ಮತ್ತೆ ಬಂತು, ಆದರೆ ದೂರದ ಬೀದಿಯಲ್ಲಿ ಯಾರೋ ತಂತಿ ಮೀಟಿದ ಹಾಗೆ ಅಂದಳು. ಎರಡು ವಾರಕ್ಕೆ ಹೋಯಿತು. ಇನ್ನೊಂದು ಚೂರು. ಆ ಸಲ ಮೂರು ದಿನ ಮುಖ ಊದಿಸಿಕೊಂಡು ಎಲ್ಲರಿಗೂ ಬೈದಳು. ಡಾಫಿ ಚುಕ್ಕೆ ತೋರಿಸಿ, "ಇದು ಮೇಯ್ ಅಲ್ಲ, ಶನಿವಾರ ಮಾತಾಡ್ತಿರೋದು" ಅಂದಳು. ಅದಕ್ಕೂ ಬೈಗುಳ ಬಿತ್ತು. ಬೆಂಚಿಗೆ ಹೊಸಬರು ಬಂದು ಕನಸು ಕೇಳಿದರೆ ಮೇಯ್‌ರಾದ್ ಹೊಸ ಶಾಲು ಸರಿಮಾಡಿಕೊಂಡು, "ಇಲ್ಲಿ ಚಹಾ ಸಿಗುತ್ತೆ" ಅನ್ನುತ್ತಿದ್ದಳು.

ಕೈಗೊಂದು ಕೆಲಸವಿರಲಿ ಎಂದು ರಿಸಾ ಹೆಣಿಗೆ ಶುರು ಮಾಡಿದಳು. ಬೂದು ಬಣ್ಣದ ನೂಲು, ಕಾಲುಚೀಲ.

"ಡಾಫಿಗಾ?" ಕೇಳಿದೆ.

"ಅಲ್ಲ."

ಡಾಫಿಯ ಕಾಲಿಗೆ ಚಿಕ್ಕದು, ನನ್ನ ಕಾಲಿನ ಬೆರಳೂ ಅದರೊಳಗೆ ಹೋಗದು. ಒಂದು ಮುಗಿಯಿತು. ತೊಳೆದು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದಳು. ನೂಲು ಇನ್ನೂ ಇತ್ತು, ಇನ್ನೊಂದನ್ನು ಶುರು ಮಾಡಲಿ ಎಂದು ನಾನು ನೋಡುತ್ತಲೇ ಇದ್ದೆ. ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಬೆಳಗಿನ ಜಾವ ನನಗೆ ನಿಜವಾಗಿ ಕನಸು ಬಿತ್ತು.

ಗಾಡಿ ಓಡಿಸುತ್ತಿದ್ದೆ. ಮಂಜಿನಲ್ಲಿ ರಸ್ತೆ ಇರಲಿಲ್ಲ, ಬಿಳಿಯ ಬಟ್ಟೆಯ ಮೇಲೆ ಹೋದಂತೆ ಹೋಗುತ್ತಿದ್ದೆ. ಹಿಂದೆ ಯಾರೋ ಒಬ್ಬನೇ ಕೂತಿದ್ದ. ಎರಡು ಸೀಟಿನ ನಡುವಿನಿಂದ ಒಂದು ಕಾಲು ಚಾಚಿ ಗೇರಿನ ಹತ್ತಿರ ಇಟ್ಟುಕೊಂಡಿದ್ದ. ಗೇರು ಬದಲಿಸುವಾಗ ನನ್ನ ಕೈಗೆ ತಾಗಿತು. ಬರಿಗಾಲು, ಬೆರಳುಗಳು ಮಂಜುಗಡ್ಡೆ. "ಎಲ್ಲಿಗೆ ಹೋಗ್ಬೇಕಪ್ಪ?" ಕೇಳಿದೆ. "ಇನ್ನೂ ಸ್ವಲ್ಪ ಮುಂದೆ," ಅಂದ. ಕನ್ನಡಿಯಲ್ಲಿ ನೋಡೋಣವೆಂದು ಕಣ್ಣೆತ್ತಿದೆ, ಎಚ್ಚರವಾಯಿತು.

ಹಲ್ಲುಜ್ಜಲು ನಿಂತೆ. ಹಂದಿಯೂ ಹೊಳೆಯಲಿಲ್ಲ, ಮೊಸಳೆಯೂ ಹೊಳೆಯಲಿಲ್ಲ.

ಅಂಗಡಿಯಲ್ಲಿ ಮಾಮ ನೋಟುಬುಕ್ಕು ಬಿಚ್ಚಿ ಕೂತಿದ್ದ. "ಹ್ಞೂಂ, ಬಾಪ್ಪ. ಇವತ್ತು ಏನು ತಂದೆ?"

ಗಂಡಸಿಗೆ ಆರು, ತಲೆ ತನ್ನ ಪಾಡಿಗೆ ತಾನು ಶುರು ಮಾಡಿತ್ತು. ನಾನು ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡೆ.

"ಇವತ್ತು ಏನೂ ಕಾಣಲಿಲ್ಲ ಮಾಮ."

"ಸದ್ಯ," ಅಂದ ಮಾಮ. "ಇವತ್ತಾದ್ರೂ ನನ್ನ ಇಪ್ಪತ್ತು ರೂಪಾಯಿ ಉಳೀತು." ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಹೊರಟುಹೋದ.

ರಿಸಾ ಲೋಟ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. ನನ್ನ ಮುಖವನ್ನು ಎಷ್ಟೋ ತಿಂಗಳ ಮೇಲೆ ನೇರವಾಗಿ ನೋಡಿದಳು.

"ಬಂದಿದ್ನಾ?"

ಹೌದೆಂದು ತಲೆಯಾಡಿಸಿದೆ.

"ಯಾವ ಕಾಲು?"

ಅವತ್ತು ಚೆರ್ರಿ ಮರದ ಕೆಳಗೆ ಅವಳು ಅದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. "ಎಡಗಾಲು," ಅಂದೆ. "ತುಂಬ ತಣ್ಣಗಿತ್ತು."

ಅವಳು ಕೈ ಒರೆಸಿಕೊಂಡಳು. ಮೊಳೆಯಿಂದ ಬೂದು ಕಾಲುಚೀಲ ತೆಗೆದು, ಒಣಗಿದೆಯಾ ಎಂದು ಕೆನ್ನೆಗೊತ್ತಿ ನೋಡಿ, ಎರಡಾಗಿ ಮಡಿಸಿ ನನ್ನ ಜಾಕೆಟ್ಟಿನ ಜೇಬಿಗಿಟ್ಟಳು.

"ಗಾಡೀಲಿಟ್ಕೋ," ಅಂದಳು. "ಮತ್ತೆ ಹತ್ತಿದ್ರೆ ಕೊಡು."